ವಿಮಾನದಲ್ಲಿ ಯಾವ ಕಿಟಕಿ?

ವಿಮಾನದಲ್ಲಿ ಪಯಣಿಸುವವರು ಕಿಟಕಿಯ ಬಳಿಯ ಆಸನಕ್ಕಾಗಿ ಹಾತೊರೆಯುವುದು ಸಹಜ. ಅದಕ್ಕೆಂದೇ ಹೆಚ್ಚು ಹಣ ತೆರುವವರೂ ಉಂಟು. ಆದರೆ ಕಿಟಕಿ ದೊರೆತರೆ ಸಾಲದು; ಅದು ಎಡಗಡೆಯದಾಗಿರಬೇಕೋ ಬಲಗಡೆಯದಾಗಿರಬೇಕೋ ಎಂಬುದನ್ನು ಮೊದಲೇ ಆಲೋಚಿಸಬೇಕು. ಈ ಆಯ್ಕೆಯನ್ನು ಅದೃಷ್ಟಕ್ಕೆ ಬಿಡುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ. ಒಂದು ಭೂಪಟವೂ ಸೂರ್ಯನಿರುವ ದಿಕ್ಕಿನ ಅರಿವೂ ಇದ್ದರೆ ಉತ್ತರ ತಾನಾಗಿ ದೊರೆಯುವುದು.

ಮೊದಲು ಸೂರ್ಯನ ಮಾತು. ಸೂರ್ಯನಿಗೆ ಎದುರಾಗಿ ನೋಡಿದರೆ ಗಾಳಿಯಲ್ಲಿನ ಧೂಳಿನಿಂದ ಚೆದರಿದ ಬೆಳಕು ಕಣ್ಣನ್ನು ಕೋರೈಸುತ್ತದೆ; ಕಿಟಕಿಯ ಮೇಲಣ ಗೀರುಗಳೂ ಹೊಳೆಯುತ್ತವೆ; ನೆಲದ ನೋಟ ಮಸಕಾಗುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ಬೆಟ್ಟ, ಹೊಳೆ, ಹೊಲಗಳು ತಮ್ಮ ತಮ್ಮ ಬಣ್ಣಗಳಲ್ಲಿ ಸ್ಫುಟವಾಗಿ ಕಾಣುವುವು. ಬೆಂಗಳೂರು, ದೆಹಲಿಗಳೆರಡೂ 77 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿವೆ. ಅಂದಮೇಲೆ ಬೆಂಗಳೂರಿನಿಂದ ದೆಹಲಿಗೆ ಹೋಗುವ ವಿಮಾನದ ದಾರಿ ಬಹುಮಟ್ಟಿಗೆ ಉತ್ತರಾಭಿಮುಖ. ಆದುದರಿಂದ ಬೆಳಗ್ಗೆ ಹೊರಡುವವರು ಎಡಗಡೆಯನ್ನೂ ಸಂಜೆ ಹೊರಡುವವರು ಬಲಗಡೆಯನ್ನೂ ಆರಿಸಿಕೊಳ್ಳುವುದು ಲೇಸು.

ಎರಡನೆಯದು, ನೋಡಬೇಕಾದುದು ಯಾವ ದಿಕ್ಕಿನಲ್ಲಿದೆ ಎಂಬುದು. ದೆಹಲಿಯಿಂದ ಪಶ್ಚಿಮ ಬಂಗಾಳದ ಬಾಗ್‌ಡೋಗ್ರಾಕ್ಕೆ, ಅಂದರೆ ಪೂರ್ವಕ್ಕೆ, ಹೋಗುವಾಗ ಹಿಮಾಲಯವು ಎಡಗಡೆಗಿರುತ್ತದೆ. 10 ಕಿಲೋಮೀಟರ್ ಎತ್ತರದಲ್ಲಿರುವವರಿಗೆ ದಿಗಂತವು ಸುಮಾರು 350 ಕಿಲೋಮೀಟರ್ ದೂರಕ್ಕೆ ಸರಿದಿರುವುದರಿಂದ, ಗಾಳಿ ತಿಳಿಯಾಗಿರುವ ದಿನ 8,849 ಮೀಟರ್ ಎತ್ತರದ ಎವರೆಸ್ಟ್, 8,586 ಮೀಟರ್ ಎತ್ತರದ ಕಾಂಚನಜುಂಗಾ ಶಿಖರಗಳು ಆ ಬದಿಯವರಿಗೆ ಕಾಣಸಿಗುವುವು. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೇ ವಾಲಿರುವುದರಿಂದ ಬೆಳಕೂ ಅನುಕೂಲ. ಬಲಗಡೆ ಕುಳಿತವರಿಗೆ ಗಂಗೆಯ ಬಯಲೇ ಗತಿ. ಹಿಂದಿರುಗುವಾಗ ಎಡಬಲಗಳು ಅದಲುಬದಲಾಗುವುವು.

ಮೂರನೆಯದು ರೆಕ್ಕೆ. ಅದರ ಮೇಲಿನ ಸಾಲುಗಳಲ್ಲಿ ಕುಳಿತರೆ ನೆಲ ಮರೆಯಾಗುತ್ತದೆ. ರೆಕ್ಕೆಯ ಹಿಂದೆ ಕುಳಿತರೆ ಎಂಜಿನಿನಿಂದ ಹೊರಬೀಳುವ ಬಿಸಿ ಅನಿಲದಲ್ಲಿ ಕಿರಣಗಳು ಅಡ್ಡಾದಿಡ್ಡಿಯಾಗಿ ವಕ್ರೀಭವಿಸಿ, ಬೇಸಗೆಯ ಟಾರು ರಸ್ತೆಯ ಮೇಲಿನಂತೆ, ನೋಟ ನಡುಗುತ್ತದೆ. ರೆಕ್ಕೆಗಿಂತ ಮುಂದಣ ಸಾಲೇ ಉತ್ತಮ.

'ಊರು ಸೇರಿದರಾಯಿತು, ಇಷ್ಟೆಲ್ಲ ಲೆಕ್ಕಾಚಾರವೇಕೆ?' ಎಂದು ಕೆಲವರು ಕೇಳಬಹುದು. ಸೂರ್ಯನಿಗೆ ವಿರುದ್ಧವಾದ ಬದಿಯಲ್ಲಿ ಕುಳಿತವರು ಕೆಳಗಿನ ಮೋಡಗಳನ್ನು ಗಮನಿಸಲಿ. ವಿಮಾನದ ನೆರಳನ್ನು ಸುತ್ತುವರಿದ ಬಣ್ಣದ ಬಳೆಗಳು ಒಮ್ಮೊಮ್ಮೆ ಅಲ್ಲಿ ಕಾಣುವುವು. ಮೋಡದ ಸೂಕ್ಷ್ಮ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಕ್ಕೆ ಚೆದರಿಸುವುದರಿಂದ ಈ ಪ್ರಭಾವಲಯ ಉಂಟಾಗುತ್ತದೆ. 1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಪರ್ವತದ ಮೇಲೆ, ಮಂಜಿನ ಮೇಲೆ ಬಿದ್ದ ನೆರಳುಗಳ ಸುತ್ತ ಇಂತಹವೇ ಬಳೆಗಳನ್ನು ಸಿ. ಟಿ. ಆರ್. ವಿಲ್ಸನ್ ಕಂಡರು. ಪ್ರಯೋಗಶಾಲೆಯಲ್ಲಿ ಮೋಡವನ್ನು ಸೃಷ್ಟಿಸಿ ಅವನ್ನು ಮತ್ತೆ ಕಾಣಬೇಕೆಂಬ ಹಂಬಲ ಅವರನ್ನು ಹಿಡಿಯಿತು. ವಿದ್ಯುತ್ಕಣಗಳ ಜಾಡನ್ನು ಕಣ್ಣಿಗೆ ತೋರಿಸುವ ಕ್ಲೌಡ್ ಚೇಂಬರ್ ಹುಟ್ಟಿದುದು ಆ ಹಂಬಲದಿಂದ. 1927ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆತುದು ಅದಕ್ಕಾಗಿ.

ಕಂಡವರೆಲ್ಲ ವಿಲ್ಸನ್ ಆಗಲಾರರು, ನಿಜ. ಆದರೆ ವಕ್ರೀಭವನದ ಸೂತ್ರವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿ, ಅದೇ ನಿಯಮ ಕಿಟಕಿಯಾಚೆ ಆಡುತ್ತಿರುವಾಗ ತೆರೆಯನ್ನೆಳೆದು ಫೋನಿನಲ್ಲಿ ಮುಳುಗಿದ್ದರೆ ಅವನ ಓದು ಅರ್ಧವಾಯಿತೆಂದೇ ಹೇಳಬೇಕು. ಮುಂದಿನ ಪಯಣಕ್ಕೆ ಆಸನವನ್ನು ಗೊತ್ತುಮಾಡುವ ಮುನ್ನ ಒಂದು ಕಾಗದದ ಮೇಲೆ ವಿಮಾನದ ದಾರಿಯನ್ನೂ ಸೂರ್ಯನಿರುವ ದಿಕ್ಕನ್ನೂ ಗುರುತಿಸಿಕೊಳ್ಳಿ. ಐದು ನಿಮಿಷದ ಕೆಲಸ, ಖರ್ಚೇನೂ ಇಲ್ಲ.