ಬ್ರ್ಯಾಂಡ್ ಹೆಸರು: ಯಂತ್ರಕ್ಕೆ ಕಾಣುವುದು, ಪೇಟೆಗೆ ಗೊತ್ತಿರುವುದು

ಮಂಡ್ಯದ ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಬಹುಕಾಲ ಬೆಲೆ ಕಟ್ಟಿದ್ದು ಅಚ್ಚು, ಉಂಡೆ, ಬಕೆಟ್ ಎಂಬ ಬಗೆಯನ್ನೂ ಬಣ್ಣವನ್ನೂ ನೋಡಿಯೇ ಹೊರತು ತಯಾರಿಸಿದವರ ಹೆಸರನ್ನು ನೋಡಿ ಅಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ‘ಒಂದು ಜಿಲ್ಲೆ ಒಂದು ಉತ್ಪನ್ನ’ವಾಗಿ ಮಂಡ್ಯಕ್ಕೆ ಬೆಲ್ಲವೇ ಆಯ್ಕೆಯಾದ ಮೇಲೆ, ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ಸಹಾಯಧನ ಸಿಗುವಂತಾಗಿ, ಆಲೆಮನೆಯ ಸರಕು ಪೊಟ್ಟಣ ಸೇರತೊಡಗಿದೆ. ಪೊಟ್ಟಣಕ್ಕೆ ಹೆಸರು ಬೇಕು. ಹೆಸರಿಗೆ ಹಿಂದೆ ಮನೆಯ ಹಿರಿಯರನ್ನೋ ಊರದೇವರನ್ನೋ ಮೊರೆಹೋಗುತ್ತಿದ್ದ ಕಡೆ ಈಗ ಕೃತಕ ಬುದ್ಧಿಮತ್ತೆಯ ಸಾಧನವೊಂದನ್ನು ಕೇಳುವುದು ಸಹಜವಾಗಿದೆ. ಹೆಸರು ಸೂಚಿಸು ಎಂಬ ಮೊದಲ ಪ್ರಶ್ನೆಯಿಂದ ದೊಡ್ಡ ಹಾನಿಯಿಲ್ಲ. ‘ಈ ಹೆಸರನ್ನು ಬೇರೆ ಯಾರಾದರೂ ಬಳಸುತ್ತಿದ್ದಾರೆಯೇ’ ಎಂಬ ಎರಡನೆಯ ಪ್ರಶ್ನೆಗೆ ಯಂತ್ರ ಕೊಡುವ ಉತ್ತರವನ್ನು ಎಷ್ಟು ನಂಬಬೇಕೆಂಬುದೇ ವಿಚಾರ ಮಾಡಬೇಕಾದ ಸಂಗತಿ.

ಹೆಸರು ಸೂಚಿಸುವ ಕೆಲಸದಲ್ಲೂ ಒಂದು ತೊಡಕಿದೆ. ಭಾಷಾ ಮಾದರಿ ಎಂದು ಕರೆಯುವ ಈ ಸಾಧನಗಳು ಅಪಾರ ಪಠ್ಯದಿಂದ ಕಲಿತು, ಯಾವ ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೋ ಅದನ್ನೇ ಮುಂದಿಡುವ ಕ್ರಮದಲ್ಲಿ ಕೆಲಸ ಮಾಡುತ್ತವೆ; ಆದ್ದರಿಂದ ಮಂಡ್ಯದ ಬೆಲ್ಲಕ್ಕೆ ಹೆಸರು ಕೇಳಿದವರಿಗೆ ಕಾವೇರಿ, ಸಿಹಿ, ಸಕ್ಕರೆ ನಾಡು, ಆಲೆಮನೆ ಎಂಬ ಮಾತುಗಳ ಸುತ್ತಲೇ ಸಲಹೆಗಳು ಸುತ್ತುವ ಸಾಧ್ಯತೆ ಹೆಚ್ಚು, ಮತ್ತು ಅದೇ ಪ್ರಶ್ನೆಯನ್ನು ಮಳವಳ್ಳಿಯಲ್ಲಿ ಕೇಳಿದವರಿಗೂ ಪಾಂಡವಪುರದಲ್ಲಿ ಕೇಳಿದವರಿಗೂ ಹೆಚ್ಚುಕಡಿಮೆ ಒಂದೇ ಪಟ್ಟಿ ಸಿಕ್ಕರೆ ಅಚ್ಚರಿಯಿಲ್ಲ. ಟ್ರೇಡ್‌ಮಾರ್ಕ್, ಅಂದರೆ ಒಬ್ಬರ ಸರಕನ್ನು ಇನ್ನೊಬ್ಬರ ಸರಕಿನಿಂದ ಬೇರ್ಪಡಿಸಿ ತೋರಿಸುವ ಗುರುತು, ಬೇಡುವುದು ಇದಕ್ಕೆ ಪೂರ್ತಿ ವಿರುದ್ಧವಾದುದನ್ನು. ಸರಕಿನ ಬಗೆ, ಗುಣ, ಹುಟ್ಟಿದ ಊರು ಇವನ್ನಷ್ಟೇ ಹೇಳುವ ಹೆಸರನ್ನು, ದೀರ್ಘ ಬಳಕೆಯಿಂದ ಅದು ವಿಶಿಷ್ಟತೆ ಗಳಿಸಿರದಿದ್ದರೆ, ನೋಂದಾಯಿಸುವಂತಿಲ್ಲ ಎನ್ನುತ್ತದೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ. ಮೈಸೂರಿನ ಊದುಬತ್ತಿ ತಯಾರಕರು ತಮ್ಮ ಸರಕಿಗೂ ಬೈಸಿಕಲ್ಲಿಗೂ ಯಾವ ಸಂಬಂಧವಿಲ್ಲದಿದ್ದರೂ ‘ಸೈಕಲ್’ ಎಂಬ ಹೆಸರನ್ನು ಹಿಡಿದದ್ದು ಈ ದೃಷ್ಟಿಯಿಂದ ಜಾಣತನ. ಇಂಥ ಸಂಬಂಧವಿಲ್ಲದ ಹೆಸರು ಯಂತ್ರದ ಮೊದಲ ಹತ್ತು ಸಲಹೆಗಳಲ್ಲಿ ಬರುವುದು ಅಪರೂಪ.

ಮದ್ದೂರು ವಡೆಯ ಸ್ಥಿತಿ ಇನ್ನೂ ಬೇರೆ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ಹುಟ್ಟಿತೆಂದು ಪರಂಪರೆಯಾಗಿ ಹೇಳುವ ಈ ತಿಂಡಿಯ ಹೆಸರು ಇಂದು ಊರನ್ನೂ ತಿನಿಸನ್ನೂ ಕೂಡಿಸಿದ ಸಾಮಾನ್ಯ ಹೆಸರಾಗಿರುವುದರಿಂದ, ಅದನ್ನು ಒಬ್ಬರೇ ತಮ್ಮ ಬ್ರ್ಯಾಂಡ್ ಮಾಡಿಕೊಳ್ಳಲು ಕಾನೂನಿನಲ್ಲಿ ಹಾದಿ ಬಹಳ ಕಿರಿದು. ಧಾರವಾಡ ಪೇಡೆಗೆ ದೊರೆತಿರುವಂಥ ಭೌಗೋಳಿಕ ಗುರುತು, ಜನ ಜಿಐ ಟ್ಯಾಗ್ ಎನ್ನುವುದು, ಬೇರೊಂದು ಕಾಯ್ದೆಯ ಹಾದಿ. ಅದು ಆ ಪ್ರದೇಶದ ಉತ್ಪಾದಕರೆಲ್ಲರಿಗೂ ಸೇರಿದ ಹಕ್ಕು, ಒಂದು ಅಂಗಡಿಯ ಸ್ವತ್ತಲ್ಲ. ವಡೆ ಮಾರುವವರು ರಕ್ಷಿಸಿಕೊಳ್ಳಬಹುದಾದದ್ದು ‘ಮದ್ದೂರು ವಡೆ’ ಎಂಬುದರ ಹಿಂದೆಯೋ ಮುಂದೆಯೋ ಸೇರಿಸುವ ತಮ್ಮದೇ ಆದ ಮಾತನ್ನು ಮಾತ್ರ.

ಹೆಸರು ಆಯ್ಕೆಯಾದ ಮೇಲೆ ಶೋಧ. ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ಹುಡುಕಬಹುದು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿರುವುದರಿಂದ ಹುಡುಕಾಟ ವರ್ಗದ ಪ್ರಕಾರ ನಡೆಯುತ್ತದೆ, ಹಾಲು ಮತ್ತು ಖಾದ್ಯ ತೈಲ 29ನೇ ವರ್ಗದಲ್ಲಿ, ಸಕ್ಕರೆ, ಕಾಫಿ, ಬೇಕರಿ ತಿನಿಸು 30ರಲ್ಲಿ, ಹೋಟೆಲ್ 43ರಲ್ಲಿ ಬರುತ್ತವೆ. ಇದೇ ಕಚೇರಿಗೆ 2024ರ ಸೆಪ್ಟೆಂಬರ್‌ನಲ್ಲಿ ಕೃತಕ ಬುದ್ಧಿಮತ್ತೆ ಆಧಾರಿತ ಶೋಧ ವ್ಯವಸ್ಥೆಯೂ ಬಂದಿದೆ. ಆದರೆ ಹಿಂದಿ, ಇಂಗ್ಲಿಷ್ ಅಲ್ಲದ ಲಿಪಿಯಲ್ಲಿರುವ ಹೆಸರಿಗೆ ಆ ಎರಡರಲ್ಲೊಂದು ಭಾಷೆಯಲ್ಲಿ ಲಿಪ್ಯಂತರವನ್ನೂ ಅನುವಾದವನ್ನೂ ಕೊಡಬೇಕೆಂಬುದು ನಿಯಮ. ಕನ್ನಡದ ಹ್ರಸ್ವ–ದೀರ್ಘ, ಅಲ್ಪಪ್ರಾಣ–ಮಹಾಪ್ರಾಣಗಳು ರೋಮನ್ ಅಕ್ಷರಗಳಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೂಪ ಪಡೆಯುವುದರಿಂದ, ಒಂದು ಹೆಸರನ್ನು ನಾಲ್ಕೈದು ಕಾಗುಣಿತಗಳಲ್ಲಿ ಹುಡುಕದೆ ‘ಇಲ್ಲ’ ಎನ್ನುವ ಶೋಧ ಶೋಧವೇ ಅಲ್ಲ.

ಕಾಗುಣಿತಕ್ಕಿಂತ ಮುಖ್ಯವಾದದ್ದು ಕಿವಿ. ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಔಷಧಗಳ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲಿ ಅಳತೆಗೋಲಾಗಿ ಹಿಡಿದದ್ದು ಪಂಡಿತರನ್ನಲ್ಲ, ಅರೆಬರೆ ನೆನಪಿನಿಂದ ಹೆಸರು ಹೇಳಿ ಸರಕು ಕೇಳುವ ಸಾಮಾನ್ಯ ಹಳ್ಳಿಗರನ್ನು ಮತ್ತು ಪಟ್ಟಣಿಗರನ್ನು. 1969ರಲ್ಲಿ ‘ಶ್ರೀ ಅಂಬಾಳ್’ ಮತ್ತು ‘ಶ್ರೀ ಆಂಡಾಳ್’ ಎಂಬ ನಶ್ಯದ ಹೆಸರುಗಳು ಎದುರಾದಾಗ, ಎರಡೂ ಬೇರೆ ಬೇರೆ ದೇವಿಯರ ಹೆಸರುಗಳಾದರೂ ಉಚ್ಚಾರ ಹತ್ತಿರವಾದ್ದರಿಂದ ಗೊಂದಲ ಉಂಟಾಗುತ್ತದೆಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಮುಖ್ಯವಾಗಿ ಬರಹವನ್ನು ಓದಿ ಕಲಿತ ಸಾಧನವು ಈ ಎರಡು ಹೆಸರುಗಳು ಅರ್ಥದಲ್ಲಿ ಎಷ್ಟು ದೂರ ಎಂದು ಸೊಗಸಾಗಿ ವಿವರಿಸೀತು; ಅಂಗಡಿಯ ಗಲಾಟೆಯ ನಡುವೆ ಅವು ಎಷ್ಟು ಹತ್ತಿರ ಕೇಳಿಸುತ್ತವೆ ಎಂಬುದು ಅದರ ಅನುಭವದಲ್ಲಿಲ್ಲ.

ಇದಕ್ಕೂ ಆಳವಾದ ಕಾರಣವೊಂದಿದೆ. ಭಾರತದ ಕಾನೂನು ನೋಂದಣಿಗೆ ಬೆಲೆ ಕೊಟ್ಟರೂ ಮೊದಲ ಬಳಕೆಗೆ ಅದಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತದೆ. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಇದನ್ನೇ: ಮೊದಲಿನಿಂದ ಹೆಸರು ಬಳಸುತ್ತ ಬಂದವರ ಹಕ್ಕು ಆಮೇಲೆ ನೋಂದಾಯಿಸಿಕೊಂಡವರ ಹಕ್ಕಿಗಿಂತ ಮೇಲು. ಹೀಗಿರುವಾಗ ಮಳವಳ್ಳಿಯ ಸಂತೆಯಲ್ಲಿ ಹತ್ತಾರು ವರ್ಷಗಳಿಂದ ಒಂದು ಹೆಸರಿನಡಿ ವ್ಯಾಪಾರ ಮಾಡುತ್ತ, ನೋಂದಣಿಯನ್ನೂ ಮಾಡಿಸದೆ ಅಂತರ್ಜಾಲದಲ್ಲೂ ಕಾಣಿಸಿಕೊಳ್ಳದೆ ಇರುವ ಅಂಗಡಿಯ ಬೋರ್ಡು ನಾಳೆ ನ್ಯಾಯಾಲಯದಲ್ಲಿ ಬಲವಾದ ಸಾಕ್ಷ್ಯವಾಗಬಲ್ಲದು. ಆದರೆ ಯಾವ ಕೃತಕ ಬುದ್ಧಿಮತ್ತೆಯ ಕಣ್ಣಿಗೂ ಅದು ಬೀಳುವುದಿಲ್ಲ. ‘ಎಲ್ಲೂ ಸಿಗಲಿಲ್ಲ’ ಎಂಬ ಯಂತ್ರದ ಮಾತಿಗೆ ‘ನಾನು ಓದಿದ್ದರಲ್ಲಿ ಸಿಗಲಿಲ್ಲ’ ಎಂಬಷ್ಟೇ ಅರ್ಥ.

‘ಈ ಹೆಸರು ಬೇರೆಯವರದು’ ಎಂಬ ಯಂತ್ರದ ಎಚ್ಚರಿಕೆಯೂ ತಪ್ಪಾಗಬಹುದು ಎಂಬುದಕ್ಕೆ ಕರ್ನಾಟಕದ್ದೇ ದೊಡ್ಡ ನಿದರ್ಶನವಿದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೇರಿಯಿಂದಲೂ ಹೊರಡುವ ‘ನಂದಿನಿ’ ಹೆಸರನ್ನು ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಬಳಸುತ್ತಿದೆ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲು ಅದೇ ಉಚ್ಚಾರದ, ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚಿರುವ ಹೆಸರನ್ನು 1989ರಿಂದ ಬಳಸುತ್ತ ಬಂದಿತ್ತು. ಹೋಟೆಲಿನ ಅರ್ಜಿಯನ್ನು ನೋಂದಣಿ ಅಧಿಕಾರಿ ಒಪ್ಪಿದರೆ, ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿ ತಳ್ಳಿಹಾಕಿತು. ಮಂಡಳಿಯ ಆದೇಶವನ್ನು ರಾಜ್ಯದ ಹೈಕೋರ್ಟ್ ಎತ್ತಿಹಿಡಿಯಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರತುಪಡಿಸಿ, ಹೋಟೆಲಿನ ಪರವಾಗಿ ತೀರ್ಪಿತ್ತಿತು. ನಂದಿನಿ ಎಂಬುದು ಪುರಾಣದ ದೇವಿಯ ಹಾಗೂ ಹಸುವಿನ ಹೆಸರು, ಯಾರೂ ಹೊಸದಾಗಿ ಸೃಷ್ಟಿಸಿದ ಮಾತಲ್ಲ, ಒಂದು ವರ್ಗದಲ್ಲಿ ನೋಂದಣಿಯಿದ್ದ ಮಾತ್ರಕ್ಕೆ ಆ ವರ್ಗದ ಎಲ್ಲ ಸರಕುಗಳ ಮೇಲೂ ಏಕಸ್ವಾಮ್ಯ ಬರುವುದಿಲ್ಲ ಎಂಬುದು ಅಲ್ಲಿನ ತರ್ಕ. ನಾಲ್ಕು ಹಂತಗಳಲ್ಲಿ ಎರಡು ಬಾರಿ ಉತ್ತರ ತಿರುಗಿದ ಪ್ರಶ್ನೆಗೆ ಕ್ಷಣಾರ್ಧದಲ್ಲಿ ಹೌದು, ಅಲ್ಲ ಎನ್ನುವ ಸಾಧನದ ಆತ್ಮವಿಶ್ವಾಸವೇ ಅನುಮಾನಕ್ಕೆ ಸಾಕು.

ಆತ್ಮವಿಶ್ವಾಸದ ಇನ್ನೊಂದು ಮುಖ ಕಟ್ಟುಕತೆ. ಇಲ್ಲದ ತೀರ್ಪುಗಳನ್ನು ಚಾಟ್‌ಜಿಪಿಟಿಯಿಂದ ಪಡೆದು ಸಲ್ಲಿಸಿದ್ದಕ್ಕಾಗಿ ನ್ಯೂಯಾರ್ಕ್‌ನ ವಕೀಲರು 2023ರಲ್ಲಿ 5,000 ಡಾಲರ್ ದಂಡ ತೆತ್ತರು. ಇಲ್ಲದ ನೋಂದಣಿ ಸಂಖ್ಯೆಯನ್ನೂ ಸಾಧನ ಅದೇ ಸಲೀಸಿನಲ್ಲಿ ಹೇಳಬಲ್ಲದು. ಅದೇ ವರ್ಷದ ಆಗಸ್ಟ್‌ನಲ್ಲಿ ಕ್ರಿಶ್ಚಿಯನ್ ಲುಬೂಟಾನ್ ಪಾದರಕ್ಷೆಯ ಮೊಕದ್ದಮೆಯಲ್ಲಿ, ಬ್ರ್ಯಾಂಡಿನ ಖ್ಯಾತಿಗೆ ಪುರಾವೆಯಾಗಿ ಚಾಟ್‌ಜಿಪಿಟಿಯ ಉತ್ತರವನ್ನು ಮುಂದಿಟ್ಟಾಗ ದೆಹಲಿ ಹೈಕೋರ್ಟ್ ಅದನ್ನು ಒಪ್ಪದೆ, ಇಂಥ ಸಾಧನ ಹೆಚ್ಚೆಂದರೆ ಪ್ರಾಥಮಿಕ ತಿಳಿವಳಿಕೆಗೆ, ಪ್ರಾಥಮಿಕ ಸಂಶೋಧನೆಗೆ ಒದಗಬಹುದೆಂದಿತು. ಸಣ್ಣ ಉದ್ದಿಮೆದಾರರು ಹಿಡಿಯಬೇಕಾದ ಗೆರೆಯೂ ಅದೇ.

ಹಾಗಾದರೆ ಸಾಧನ ವ್ಯರ್ಥವೇ? ಅಲ್ಲ. ತಳ್ಳಿಹಾಕುವ ಕೆಲಸಕ್ಕೆ ಅದು ಅಗ್ಗದ, ಚುರುಕಿನ ನೆರವು. ಇಪ್ಪತ್ತು ಹೆಸರುಗಳಲ್ಲಿ ಬರೀ ವರ್ಣನೆಯಾಗಿರುವವು ಯಾವುವು, ಹೆಸರಾಂತ ಕಂಪನಿಯ ನೆರಳು ಬೀಳುವವು ಯಾವುವು, ಬೇರೆ ಭಾಷೆಯಲ್ಲಿ ಅಪಾರ್ಥ ಕೊಡುವವು ಯಾವುವು, ಒಂದು ಹೆಸರನ್ನು ರೋಮನ್ ಲಿಪಿಯಲ್ಲಿ ಎಷ್ಟು ಬಗೆಯಾಗಿ ಬರೆಯಬಹುದು ಎಂಬ ಪ್ರಶ್ನೆಗಳಿಗೆ ಅದರ ಉತ್ತರ ಬಹುಮಟ್ಟಿಗೆ ಉಪಯುಕ್ತ. ಇಲ್ಲಿ ತಪ್ಪಿದರೂ ಕಳೆದುಕೊಳ್ಳುವುದು ಒಂದು ಒಳ್ಳೆಯ ಹೆಸರನ್ನಷ್ಟೇ. ಒಪ್ಪಿಗೆಯ ಮುದ್ರೆಯನ್ನು ಮಾತ್ರ ಅದರಿಂದ ಪಡೆಯಬಾರದು. ಉಳಿದ ನಾಲ್ಕೈದು ಹೆಸರುಗಳನ್ನು ಸಾರ್ವಜನಿಕ ಚಾಟ್‌ಬಾಟ್‌ಗೆ ಮತ್ತೆ ಮತ್ತೆ ಉಣಿಸದೆ, ನೋಂದಣಿ ಕಚೇರಿಯ ಜಾಲತಾಣದಲ್ಲಿ ಎಲ್ಲ ಕಾಗುಣಿತಗಳಲ್ಲಿ, ಸಂಬಂಧಪಟ್ಟ ಎಲ್ಲ ವರ್ಗಗಳಲ್ಲಿ ನೋಡಿ, ಆಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸಗಟು ವ್ಯಾಪಾರಿಗಳನ್ನು ‘ಈ ಹೆಸರು ಕೇಳಿದ್ದೀರಾ’ ಎಂದು ವಿಚಾರಿಸಿ, ಕೊನೆಗುಳಿದ ಒಂದೆರಡನ್ನು ಟ್ರೇಡ್‌ಮಾರ್ಕ್ ವಕೀಲರಿಗೆ ತೋರಿಸುವುದು ಸರಿಯಾದ ಕ್ರಮ. ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಕ್ಕೆ ನಾಲ್ಕು ತಿಂಗಳ ಅವಕಾಶವಿದೆ.

ಈ ಶೋಧ ಒಬ್ಬೊಬ್ಬ ಆಲೆಮನೆ ಮಾಲೀಕರ ಹೆಗಲಿಗಷ್ಟೇ ಬಿಡಬೇಕಾದ ಹೊರೆಯಲ್ಲ. ಬ್ರ್ಯಾಂಡಿಂಗ್‌ಗೆ ಸರ್ಕಾರದ ಹಣ ಹರಿಯುತ್ತಿರುವಾಗ, ಜಿಲ್ಲಾ ಕೈಗಾರಿಕಾ ಕೇಂದ್ರವೂ ಕೃಷಿ ಉತ್ಪನ್ನಗಳ ಸಂಸ್ಕರಣೆಗೆ ನೆರವಾಗುವ ಕೆಪೆಕ್ ನಿಗಮವೂ ಲೇಬಲ್ ಮುದ್ರಣದ ಬಿಲ್ಲಿಗೆ ಮೊದಲು ಹೆಸರಿನ ಶೋಧನಾ ವರದಿಯನ್ನು ಕೇಳುವ, ಅದನ್ನು ಸಿದ್ಧಪಡಿಸುವ ಖರ್ಚನ್ನೂ ನೆರವಿನಲ್ಲಿ ಸೇರಿಸುವ ನಿಯಮವನ್ನು ತರಬೇಕು.