ಕೈಗೆ ಎಷ್ಟು ಬರುತ್ತೆ ಮೇಡಂ?

ಕೆಲಸ ಹುಡುಕುವವರಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ರೆಸ್ಯೂಮೆ ಎಷ್ಟು ಪುಟ ಇರಬೇಕು, ಸಂದರ್ಶನಕ್ಕೆ ಯಾವ ಬಣ್ಣದ ಶರ್ಟ್ ಹಾಕಬೇಕು, ಎಲ್ಲದಕ್ಕೂ ಸಲಹೆ ಸಿಗುತ್ತದೆ. ಕೆಲಸ ಕೊಡಿಸುವವರು ಹೇಗಿರಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವಳು. ನಾಲ್ಕು ವರ್ಷದಿಂದ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ ರಿಕ್ರೂಟರ್ ಆಗಿದ್ದೇನೆ. ಕಂಪನಿಗಳಿಗೆ ಜನ ಹುಡುಕಿ ಕೊಡುವುದು ನನ್ನ ಕೆಲಸ. ಆ ಅನುಭವದಿಂದ ಎರಡು ಮಾತು ಹೇಳಬೇಕೆನಿಸಿದೆ.

ಕೋಲಾರ, ಬಂಗಾರಪೇಟೆ ಕಡೆಯ ಹುಡುಗ ಹುಡುಗಿಯರಿಗೆ ಫೋನ್ ಮಾಡಿದರೆ ಅವರು ಕೇಳುವ ಮೊದಲ ಪ್ರಶ್ನೆ, ‘ಕೈಗೆ ಎಷ್ಟು ಬರುತ್ತೆ ಮೇಡಂ?’ ಈ ಪ್ರಶ್ನೆ ಕೇಳಿದವರಿಗೆ ದುಡ್ಡಿನ ಮೇಲೇ ಕಣ್ಣು ಎಂದು ಮೂಗು ಮುರಿಯುವವರು ನಮ್ಮ ವೃತ್ತಿಯಲ್ಲಿ ಬಹಳ ಮಂದಿ ಇದ್ದಾರೆ. ನನ್ನ ಪ್ರಕಾರ ಅದು ಅತ್ಯಂತ ನ್ಯಾಯವಾದ ಪ್ರಶ್ನೆ. ‘ಇಪ್ಪತ್ತು ಸಾವಿರ ಸಿಟಿಸಿ’ ಎಂದು ನಾವು ಹೇಳುತ್ತೇವೆ. ಪಿಎಫ್ ಲೆಕ್ಕಕ್ಕೆ ಹಿಡಿಯುವ ವೇತನ 15 ಸಾವಿರ ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಶೇ 12 ಎಂದರೆ 1,800 ರೂಪಾಯಿ ಆ ಇಪ್ಪತ್ತು ಸಾವಿರದಲ್ಲೇ ಸೇರಿರುತ್ತದೆ. ಇಎಸ್‌ಐಗೆ ಕಂಪನಿ ಕಟ್ಟುವ ಶೇ 3.25 ಕೂಡ ಅದರಲ್ಲೇ. ಆಮೇಲೆ ನೌಕರನ ಪಾಲಿನ 1,800 ಮತ್ತು ಇಎಸ್‌ಐನ ಶೇ 0.75 ಕಳೆದರೆ ಕೈಗೆ ಬರುವುದು ಸುಮಾರು 15,700. ಕ್ಯಾಂಟೀನ್, ಬಸ್ಸು ಎಂದು ಹಿಡಿದರೆ ಇನ್ನೂ ಕಡಿಮೆ. ಪಿಎಫ್ ದುಡ್ಡು ಎಲ್ಲೂ ಹೋಗುವುದಿಲ್ಲ ನಿಜ. ಆದರೆ ತಿಂಗಳ ಕೊನೆಗೆ ಮನೆ ಬಾಡಿಗೆಗೆ ಅದು ಒದಗುವುದಿಲ್ಲ. ಈ ಲೆಕ್ಕವನ್ನು ಫೋನಿನಲ್ಲೇ ಬಿಡಿಸಿ ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಕೊಡದವರು ಒಳ್ಳೆಯ ರಿಕ್ರೂಟರ್ ಆಗುವುದು ಕಷ್ಟ.

‘ಎಲ್ಲ ನಿಜ ಹೇಳಿದರೆ ಯಾರು ಸೇರುತ್ತಾರೆ? ನಮಗೂ ಟಾರ್ಗೆಟ್ ಇರುತ್ತಲ್ಲ?’ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಟಾರ್ಗೆಟ್ ನನಗೂ ಇದೆ. ಆದರೆ ಸೇರಿದವರು ಮೂರು ತಿಂಗಳೊಳಗೆ ಬಿಟ್ಟರೆ ಬದಲಿ ಜನ ಕೊಡಬೇಕು, ಇಲ್ಲವೇ ಫೀಸು ವಾಪಸ್ ಮಾಡಬೇಕು ಎಂಬ ಷರತ್ತು ನಮ್ಮ ಒಪ್ಪಂದಗಳಲ್ಲಿ ಸಾಮಾನ್ಯ. ಸುಳ್ಳು ಹೇಳಿ ಸೇರಿಸಿದವನು ಮೊದಲ ಸಂಬಳದ ಚೀಟಿ ನೋಡಿದ ದಿನವೇ ಹೊರಡಲು ಮನಸ್ಸು ಮಾಡುತ್ತಾನೆ. ಹತ್ತು ಜನರನ್ನು ಸೇರಿಸಿ ಆರು ಜನರನ್ನು ಕಳೆದುಕೊಳ್ಳುವುದಕ್ಕಿಂತ, ನಿಜ ಹೇಳಿ ಐದು ಜನರನ್ನು ಸೇರಿಸಿ ಐವರನ್ನೂ ಉಳಿಸಿಕೊಳ್ಳುವುದು ಲಾಭ. ಜೊತೆಗೆ ನಮ್ಮ ಕಡೆ ಸುದ್ದಿ ಹರಡಲು ಪೇಪರ್ ಬೇಕಿಲ್ಲ. ಮಾರಿಕುಪ್ಪಂನಿಂದ ಹೊರಟ ರೈಲು ಬಂಗಾರಪೇಟೆ ದಾಟುವಷ್ಟರಲ್ಲಿ ಯಾವ ಕನ್ಸಲ್ಟೆನ್ಸಿ ಮೋಸ ಮಾಡಿತು ಎಂಬುದು ಇಡೀ ಬೋಗಿಗೆ ಗೊತ್ತಾಗಿರುತ್ತದೆ.

ರೈಲಿನ ಮಾತು ಬಂತು. ದಿನವೂ ಸಾವಿರಾರು ಜನ ಈ ದಾರಿಯಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಅವರಿಗೆ ಕೆಲಸ ಕೊಡಿಸುವವರು ರೈಲಿನ ವೇಳಾಪಟ್ಟಿಯನ್ನೂ ತಿಳಿದಿರಬೇಕು. ವೈಟ್‌ಫೀಲ್ಡ್ ಇದೇ ಹಳಿಯ ಮೇಲಿದೆ. ಎಲೆಕ್ಟ್ರಾನಿಕ್ ಸಿಟಿ ಎಂದರೆ ರೈಲಿಳಿದ ಮೇಲೆ ಇನ್ನೊಂದು ಪ್ರಯಾಣ. ಪಾಳಿ ಮುಗಿಯುವ ಹೊತ್ತಿಗೆ ಊರಿಗೆ ರೈಲಿದೆಯೇ, ಇಲ್ಲದಿದ್ದರೆ ಕ್ಯಾಬ್ ಕೊಡುತ್ತಾರೆಯೇ ಎಂದು ಕಂಪನಿಯನ್ನು ಮೊದಲೇ ಕೇಳಬೇಕು. ಹೆಣ್ಣುಮಕ್ಕಳ ಮನೆಯವರು ಕೇಳುವುದು ಸಂಬಳಕ್ಕಿಂತ ಹೆಚ್ಚಾಗಿ ಇದನ್ನೇ.

ಮೂರನೆಯದು, ಕಾಗದದಲ್ಲಿ ಕಾಣದ್ದನ್ನು ಕೇಳಿ ತಿಳಿಯುವ ಗುಣ. ನಮ್ಮೂರಿನ ಹುಡುಗನ ಇಂಗ್ಲಿಷ್ ಕೇಳಿ ‘ಕಮ್ಯುನಿಕೇಷನ್ ವೀಕ್’ ಎಂದು ಬರೆದು ಮುಗಿಸುತ್ತಾರೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮಾತನಾಡಿ ಬೆಳೆದ ಅವನು ಗ್ರಾಹಕರ ಸೇವೆಗೆ ಎಷ್ಟು ಬೆಲೆಬಾಳುವವನು ಎಂದು ಬರೆಯಲು ಅವರ ಫಾರ್ಮ್‌ನಲ್ಲಿ ಕಾಲಂ ಇಲ್ಲ. ರೆಸ್ಯೂಮೆಯಲ್ಲಿ ಎರಡು ವರ್ಷ ಖಾಲಿ ಇದ್ದರೆ ಸೋಮಾರಿ ಎಂದು ತೀರ್ಮಾನಿಸುವ ಮೊದಲು ‘ಆಗ ಏನು ಮಾಡುತ್ತಿದ್ದಿರಿ?’ ಎಂದು ಒಂದು ಮಾತು ಕೇಳಬಹುದು. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುತ್ತಿದ್ದೆ ಎಂಬ ಉತ್ತರವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಈ ಎಚ್ಚರಿಕೆ ಯಾಕೆ ಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯೇ ಸಾಕ್ಷಿ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಗಣಿಗೆ ಜನ ಬಂದದ್ದು ಗುತ್ತಿಗೆದಾರರ ಮೂಲಕ. ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಬಡವರು ಮಾತು ನಂಬಿ ಬಂದು ನೆಲದಾಳಕ್ಕೆ ಇಳಿದರು. 1930ರಲ್ಲಿ ಬೆರಳಚ್ಚು ಪಡೆದು ನೋಂದಣಿ ಮಾಡುವ ಕ್ರಮ ಬಂದಾಗ ಕಾರ್ಮಿಕರು ಮುಷ್ಕರ ಹೂಡಿದರು. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು. ಇನ್ನು 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ಯಂತ್ರ, ಗಾಜು ಒಡೆದದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಅಲ್ಲಿದ್ದ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದವರು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿರಲಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಸೇರಿಸುವಾಗ ಹೇಳಿದ ಸಂಬಳಕ್ಕೂ ಬ್ಯಾಂಕಿಗೆ ಬಂದ ಸಂಬಳಕ್ಕೂ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ವೃತ್ತಿಯವರು ಅಲ್ಲಿಂದ ಕಲಿಯಬೇಕು.

ಉಳಿದಂತೆ ಎರಡು ಸಣ್ಣ ನಿಯಮಗಳನ್ನು ನಾನು ಪಾಲಿಸುತ್ತೇನೆ. ಆಯ್ಕೆಯಾಗದವರಿಗೂ ಫೋನ್ ಮಾಡಿ ‘ಈ ಸಲ ಆಗಲಿಲ್ಲ, ಕಾರಣ ಇದು’ ಎಂದು ಹೇಳುತ್ತೇನೆ. ‘ತಿಳಿಸುತ್ತೇವೆ’ ಎಂದು ಹೇಳಿ ಸುಮ್ಮನಾಗುವುದು ಸುಲಭ. ಆ ಫೋನಿಗಾಗಿ ಕಾಯುತ್ತಾ ಬೇರೆ ಕೆಲಸ ಬಿಡುವವರು ಇದ್ದಾರೆ. ಹಾಗೆ ನಿಜ ಹೇಳಿ ಕಳಿಸಿದವರೇ ಆರು ತಿಂಗಳ ನಂತರ ತಂಗಿಯನ್ನೋ ಗೆಳೆಯನನ್ನೋ ನನ್ನ ಬಳಿ ಕಳಿಸಿದ್ದಾರೆ. ಇನ್ನೊಂದು, ಅಭ್ಯರ್ಥಿಯ ಹತ್ತಿರ ಒಂದು ರೂಪಾಯಿಯನ್ನೂ ಮುಟ್ಟಬಾರದು. ನಮಗೆ ಫೀಸು ಕೊಡುವುದು ಕಂಪನಿ. ‘ರಿಜಿಸ್ಟ್ರೇಷನ್’, ‘ಟ್ರೈನಿಂಗ್’, ‘ಯೂನಿಫಾರ್ಮ್ ಡೆಪಾಸಿಟ್’ ಎಂದು ಕೆಲಸಕ್ಕೆ ಮೊದಲೇ ದುಡ್ಡು ಕೇಳುವವರಿಂದ ದೂರವಿರಿ ಎಂದು ಈ ಪುಟ ಓದುವ ತಮ್ಮ, ತಂಗಿಯರಿಗೆ ಹೇಳುತ್ತೇನೆ. ಆಫರ್ ಲೆಟರ್ ಕೈಗೆ ಬಂದ ಮೇಲೆ ಕೈಗೆ ಬರುವ ಸಂಬಳ, ಕೆಲಸದ ಸ್ಥಳ, ಪಾಳಿ, ನಿಮ್ಮನ್ನು ನೇಮಿಸುತ್ತಿರುವುದು ಕಂಪನಿಯೋ ಗುತ್ತಿಗೆದಾರನೋ ಎಂಬ ನಾಲ್ಕನ್ನೂ ಓದಿ, ಆಮೇಲೆ ಸಹಿ ಹಾಕಿ.

ಈ ವೃತ್ತಿಗೆ ಬರಬೇಕೆಂದಿರುವವರಿಗೂ ಒಂದು ಮಾತು. ಚೆನ್ನಾಗಿ ಮಾತನಾಡಲು ಬಂದರೆ ರಿಕ್ರೂಟರ್ ಆಗಬಹುದು ಎನ್ನುತ್ತಾರೆ. ಮಾತು ಬೇಕು, ಆದರೆ ಹೆಚ್ಚು ಬೇಕಾಗುವುದು ಕೇಳುವ ತಾಳ್ಮೆ. ಒಂದು ಕೆಲಸದ ಹಿಂದೆ ಒಂದು ಮನೆಯ ಬಾಡಿಗೆ, ತಮ್ಮನ ಕಾಲೇಜು ಫೀಸು, ಅಮ್ಮನ ಔಷಧಿ ಇರುತ್ತದೆ. ಅದು ಗೊತ್ತಿದ್ದರೆ, ಕೈಗೆ ಎಷ್ಟು ಬರುತ್ತೆ ಎಂದು ಕೇಳಿದಾಗ ಸಿಡುಕದೆ ಲೆಕ್ಕ ಹೇಳಲು ಮನಸ್ಸಾಗುತ್ತದೆ.