ಪ್ರೋಟೀನಿನ ಮೇಲಿನ ಮುದ್ರೆ ಮತ್ತು ನಮ್ಮ ಸಣ್ಣ ಕೈಗಾರಿಕೆ

ಜೀವಕೋಶ, ಪ್ರೋಟೀನು ಎಂಬ ಪದಗಳನ್ನು ವಾಣಿಜ್ಯ ಪತ್ರಿಕೆಯಲ್ಲಿ ಕಂಡೊಡನೆ ‘ಇದು ವಿಜ್ಞಾನಿಗಳಿಗೆ ಬಿಟ್ಟ ವಿಷಯ’ ಎಂದು ಪುಟ ಮಗುಚುವ ಸದಸ್ಯ ಬಾಂಧವರೇ ಹೆಚ್ಚು. ನಾನೂ ಹಾಗೆಯೇ ಮಾಡುತ್ತಿದ್ದೆ. ನಮ್ಮ ಘಟಕದಲ್ಲಿ ತಯಾರಾದ ಪ್ಲಾಸ್ಟಿಕ್ ನಳಿಕೆಗಳನ್ನು ಸಂಶೋಧನಾಲಯವೊಂದು ಹಿಂದಿರುಗಿಸಿದ ದಿನ ಆ ಧೋರಣೆ ಬದಲಾಯಿತು. ನಳಿಕೆಗಳು ಸೋರುತ್ತಿರಲಿಲ್ಲ, ಅಳತೆಯಲ್ಲಿಯೂ ಲೋಪವಿರಲಿಲ್ಲ. ಆದರೆ ಪ್ಲಾಸ್ಟಿಕ್‌ನಿಂದ ಅತ್ಯಲ್ಪ ಪ್ರಮಾಣದಲ್ಲಿ ಹೊರಬಂದ ಪದಾರ್ಥವು ಅವರ ಉಪಕರಣದಲ್ಲಿ ಪ್ರೋಟೀನಿನ ಗುರುತನ್ನೇ ಮುಚ್ಚಿಹಾಕಿತ್ತು. ತಪ್ಪು ನಮ್ಮದೇ. ಅದರ ಕಾರಣವನ್ನು ಅರಿಯಹೊರಟಾಗ ಪರಿಚಯವಾದ ಕ್ಷೇತ್ರವೇ ಪ್ರೋಟಿಯೋಮಿಕ್ಸ್, ಅಂದರೆ ಜೀವಕೋಶದ ಪ್ರೋಟೀನುಗಳ ಸಮಗ್ರ ಅಧ್ಯಯನ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವಂಶವಾಹಿಗಳು ದಾಸ್ತಾನು ಪುಸ್ತಕವಿದ್ದಂತೆ. ಪ್ರೋಟೀನುಗಳು ಮಳಿಗೆಯಲ್ಲಿರುವ ಸರಕು. ಪುಸ್ತಕ ನೋಡಿದ ಮಾತ್ರಕ್ಕೆ ಯಾವ ಮೂಟೆ ಇಂದು ಹೊರಡುತ್ತದೆ, ಯಾವುದು ಉಳಿಯುತ್ತದೆ ಎಂಬುದು ತಿಳಿಯದು. ಮೂಟೆಯ ಮೇಲಿನ ಮುದ್ರೆಯನ್ನೇ ನೋಡಬೇಕು. ಜೀವಕೋಶದಲ್ಲಿ ಅಂತಹ ಮುದ್ರೆಗಳ ಪೈಕಿ ಪ್ರಮುಖವಾದುದು ಫಾಸ್ಫೇಟ್. ಕೈನೇಸ್ ಎಂಬ ಕಿಣ್ವಗಳು ಅದನ್ನು ಪ್ರೋಟೀನಿಗೆ ಅಂಟಿಸುತ್ತವೆ, ಫಾಸ್ಫಟೇಸ್ ಎಂಬ ಕಿಣ್ವಗಳು ಕಳಚುತ್ತವೆ. ಕೋಶಕ್ಕೆ ಹೊರಗಿನಿಂದ ಬಂದ ಸಂದೇಶವು ಒಳಗೆ ಕೈಯಿಂದ ಕೈಗೆ ಸಾಗುವುದು ಬಹುಮಟ್ಟಿಗೆ ಈ ಕ್ರಮದಿಂದಲೇ. ಈ ಶೋಧಕ್ಕಾಗಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ 1992ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಮುದ್ರೆ ಒತ್ತುವ ಕೈ ನಿಲ್ಲದೇ ಹೋದರೆ ರೋಗ ಹುಟ್ಟುತ್ತದೆ. ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ ಎರಡು ವರ್ಣತಂತುಗಳು ಮುರಿದು ತಪ್ಪಾಗಿ ಕೂಡಿಕೊಂಡು, ಎಡೆಬಿಡದೆ ಫಾಸ್ಫೇಟ್ ಅಂಟಿಸುವ ಕೈನೇಸ್ ಒಂದನ್ನು ಸೃಷ್ಟಿಸುತ್ತವೆ. ಅದನ್ನು ತಡೆಯುವ ಇಮಾಟಿನಿಬ್ ಔಷಧಕ್ಕೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ದೊರೆಯಿತು. ಇದೇ ಔಷಧದ ಹರಳು ರೂಪಕ್ಕೆ ನೋವಾರ್ಟಿಸ್ ಕೋರಿದ್ದ ಪೇಟೆಂಟನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ನಿರಾಕರಿಸಿದ್ದು ಔಷಧ ವ್ಯಾಪಾರಿಗಳಿಗೆ ನೆನಪಿರಬಹುದು. ಅಷ್ಟು ದೂರವೇಕೆ? ಮಧುಮೇಹವುಳ್ಳವರು ಮಾಡಿಸಿಕೊಳ್ಳುವ ಎಚ್‌ಬಿಎ1ಸಿ ಪರೀಕ್ಷೆಯೂ ಹಿಮೋಗ್ಲೋಬಿನ್ ಎಂಬ ಪ್ರೋಟೀನಿಗೆ ಸಕ್ಕರೆ ಎಷ್ಟು ಅಂಟಿದೆ ಎಂಬುದರ ಲೆಕ್ಕವೇ ಆಗಿದೆ.

ಈ ಮುದ್ರೆಗಳನ್ನು ಪತ್ತೆಹಚ್ಚುವ ತಕ್ಕಡಿಯೇ ಮಾಸ್ ಸ್ಪೆಕ್ಟ್ರೋಮೀಟರ್. ಒಂದು ಫಾಸ್ಫೇಟ್ ಅಂಟಿದರೆ ಪ್ರೋಟೀನಿನ ತುಣುಕಿನ ತೂಕ ಸುಮಾರು 80 ಡಾಲ್ಟನ್ ಹೆಚ್ಚುತ್ತದೆ; ಯಂತ್ರವು ಆ ವ್ಯತ್ಯಾಸವನ್ನು ಹಿಡಿಯುತ್ತದೆ. ದೊಡ್ಡ ಅಣುಗಳನ್ನು ಹೀಗೆ ತೂಗುವ ವಿಧಾನಕ್ಕಾಗಿ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದ ಕೊಯಿಚಿ ತನಾಕಾ ಯಾವ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ಅವರು ಕ್ಯೋಟೋ ನಗರದ ಶಿಮಾಡ್ಜು ಎಂಬ ಉಪಕರಣ ತಯಾರಿಕಾ ಸಂಸ್ಥೆಯ ಎಂಜಿನಿಯರ್. ಡಾಕ್ಟರೇಟ್ ಪದವಿಯೂ ಇರಲಿಲ್ಲ. ಲೋಹದ ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿದಾಗ, ಬೆಲೆಬಾಳುವ ಪುಡಿಯನ್ನು ಚೆಲ್ಲಲು ಮನಸ್ಸಾಗದೆ ಅದನ್ನೇ ಪರೀಕ್ಷಿಸಿ ನೋಡಿದರು, ದಾರಿ ತೆರೆಯಿತು. ಆ ಸಂಸ್ಥೆಯಾದರೂ 1875ರಲ್ಲಿ ಆರಂಭವಾದದ್ದು ಭೌತ, ರಸಾಯನ ಪ್ರಯೋಗದ ಸಾಮಗ್ರಿಗಳನ್ನು ತಯಾರಿಸುವ ಕಾರ್ಯಾಗಾರವಾಗಿಯೇ.

ಈ ವಿಜ್ಞಾನಕ್ಕೆ ನಮ್ಮ ನೆಲದಲ್ಲಿಯೂ ಬೇರುಗಳಿವೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇತರರೊಡಗೂಡಿ 2014ರಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ಪ್ರಕಟಿಸಿದರು. 30 ಬಗೆಯ ಮಾದರಿಗಳಲ್ಲಿ 17,294 ವಂಶವಾಹಿಗಳ ಪ್ರೋಟೀನುಗಳನ್ನು ಅವರು ಗುರುತಿಸಿದ್ದರು. ಆದರೆ ಇಂತಹ ಕೆಲಸಕ್ಕೆ ಬೇಕಾದ ಯಂತ್ರಗಳು ಇಂದಿಗೂ ಬಹುಪಾಲು ವಿದೇಶದಿಂದಲೇ ಬರುತ್ತವೆ.

ಸಣ್ಣ ಉದ್ಯಮಿಗಳು ನಾಳೆಯೇ ಮಾಸ್ ಸ್ಪೆಕ್ಟ್ರೋಮೀಟರ್ ತಯಾರಿಸಬೇಕೆಂದು ನಾನು ಹೇಳುತ್ತಿಲ್ಲ. ಯಂತ್ರದ ಸುತ್ತ ಬೇಕಾಗುವ ನಳಿಕೆ, ಸೂಕ್ಷ್ಮ ಜೋಡಣೆ, ಶುದ್ಧ ದ್ರಾವಕ, ಶೀತಲ ಪೆಟ್ಟಿಗೆಗಳತ್ತ ಗಮನ ಹರಿಸಬಹುದು. ಮಾದರಿಯನ್ನು ದೇಹದಿಂದ ತೆಗೆದ ಬಳಿಕವೂ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲ. ಕೂಡಲೇ ತಣಿಸದಿದ್ದರೆ ಫಾಸ್ಫೇಟ್ ಮುದ್ರೆಗಳು ನಿಮಿಷಗಳಲ್ಲಿ ಬದಲಾಗಬಹುದು. ಆದ್ದರಿಂದ ಸಾಗಣೆದಾರರಿಗೂ ಇಲ್ಲಿ ಕೆಲಸವಿದೆ. ಆದರೆ ಶಿಸ್ತು ಕಠಿಣ. ನಮ್ಮ ಚರ್ಮ ಮತ್ತು ಕೂದಲಿನ ಕೆರಾಟಿನ್ ಕೂಡ ಪ್ರೋಟೀನೇ ಆದುದರಿಂದ, ಪ್ಯಾಕಿಂಗ್ ಮಾಡುವವರು ಕೈಗವಸು ಧರಿಸದಿದ್ದರೆ ಸರಕು ಕೆಟ್ಟಂತೆಯೇ.

‘ಬೇಡಿಕೆ ಕಡಿಮೆ, ಹಣ ಬರುವುದು ತಡ’ ಎಂಬ ಆಕ್ಷೇಪ ನಿರಾಧಾರವೇನಲ್ಲ. ಒಂದೇ ಪ್ರಯೋಗಾಲಯವನ್ನು ನಂಬಿ ಬಂಡವಾಳ ಹೂಡುವುದು ಅವಿವೇಕ. ಆದರೆ ಪ್ರೋಟಿಯೋಮಿಕ್ಸ್‌ಗೆ ಒಪ್ಪುವ ಶುದ್ಧತೆಯನ್ನು ಸಾಧಿಸಿದ ಘಟಕವು ಔಷಧ, ಆಹಾರ ಮತ್ತು ನೀರಿನ ಪರೀಕ್ಷಾಲಯಗಳ ಬಾಗಿಲನ್ನೂ ಧೈರ್ಯದಿಂದ ತಟ್ಟಬಹುದು.

ಈ ನಿಟ್ಟಿನಲ್ಲಿ ನಮ್ಮ ಸಂಸ್ಥೆಯು ವಿಜ್ಞಾನಿಗಳನ್ನೂ ತಯಾರಕರನ್ನೂ ಒಂದೇ ಸಭೆಗೆ ಕರೆದು, ಆಮದಾಗುವ ಸಾಮಗ್ರಿಗಳ ಪಟ್ಟಿಯನ್ನೂ ಪ್ರತಿಯೊಂದಕ್ಕೂ ಬೇಕಾದ ಶುದ್ಧತೆಯ ಮಾನದಂಡವನ್ನೂ ಸದಸ್ಯರಿಗೆ ಒದಗಿಸಬೇಕು. ಆ ಮಾನದಂಡ ನನಗೆ ಮೊದಲೇ ತಿಳಿದಿದ್ದರೆ ನಮ್ಮ ಸರಕು ಹಿಂದಿರುಗುತ್ತಿರಲಿಲ್ಲ.